ಟ್ರಾನ್ಸ್‌ಫಾರ್ಮರ್‌ಗೆ ಹೆದರಿ ಅಯಸ್ಕಾಂತದ ಮೇಲೆ ಮಲಗಿದರು

ಮಾನ್ಯ ಸಂಪಾದಕರೇ,

ನಾನು ಡೊಂಬಿವಲಿಯಲ್ಲಿರುವ ನಿವೃತ್ತ ಎಲೆಕ್ಟ್ರಿಕಲ್ ಸೂಪರ್‌ವೈಸರ್. ನಮ್ಮ ಸೊಸೈಟಿಯಲ್ಲಿ ಫ್ಯೂಸ್ ಹೋದರೂ ನನಗೇ ಕರೆ, ಫ್ಯಾನ್ ಕಿರುಗುಟ್ಟಿದರೂ ನನಗೇ. ಕಳೆದ ತಿಂಗಳು ಎರಡನೇ ಮಾಳಿಗೆಯ ಹಿರಿಯರು ಕರೆದದ್ದು ಮಾತ್ರ ಬೇರೆ ಕಾರಣಕ್ಕೆ. ಅವರು ಕುಂದಾಪುರ ಕಡೆಯವರು, ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ತಪ್ಪದಂತೆ ಎದೆಯಲ್ಲಿ ಕೂರಿಸುವ ಪುಟ್ಟ ಯಂತ್ರ, ಹಾಕಿಸಿಕೊಂಡವರು. ಬೆಡ್‌ರೂಮಿನ ಕಿಟಕಿಯಿಂದ ಇಣುಕಿದರೆ ಕೆಳಗೆ ಕಾಂಪೌಂಡಿನ ಟ್ರಾನ್ಸ್‌ಫಾರ್ಮರ್. "ರಾತ್ರಿಯಿಡೀ ಗುಂಯ್ ಅಂತದೆ, ನನ್ನ ಎದೆ ಡವಡವ ಅಂತದೆ. ಇದನ್ನು ಇಲ್ಲಿಂದ ಎತ್ತಿಸಿ ಮಾರಾಯ್ರೆ" ಎಂದರು.

ಆ ಗುಂಯ್ ಸದ್ದು ಒಳಗಿನ ಕಬ್ಬಿಣದ ತಗಡುಗಳದ್ದು. ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿದರೆ ಅವು 100 ಸಲ ನಡುಗುತ್ತವೆ. ಇದರಿಂದ ನಿದ್ದೆ ಕೆಡುತ್ತದೆ ಎಂದರೆ ನಾನು ಒಪ್ಪುತ್ತೇನೆ, ನನಗೂ ಕೆಟ್ಟಿದೆ. ಆದರೆ ಹೃದಯದ ಮಾತು ಬೇರೆ.

ಈ ಸಂಶಯ ಸುಮ್ನೆ ಹುಟ್ಟಿದ್ದೂ ಅಲ್ಲ. ಅಮೆರಿಕದ ಐದು ವಿದ್ಯುತ್ ಕಂಪನಿಗಳ ಸುಮಾರು 1.39 ಲಕ್ಷ ನೌಕರರ ದಾಖಲೆ ನೋಡಿದ ಒಂದು ಅಧ್ಯಯನ 1999ರಲ್ಲಿ ಬಂತು. ಕರೆಂಟು ಹರಿಯುವಾಗ ಅದರ ಸುತ್ತ ಹುಟ್ಟುವ ಕಾಂತಕ್ಷೇತ್ರದಲ್ಲಿ ಜಾಸ್ತಿ ದುಡಿದವರಲ್ಲಿ ಹೃದಯದ ತಾಳ ತಪ್ಪಿಯೋ ಹಾರ್ಟ್ ಅಟ್ಯಾಕ್ ಆಗಿಯೋ ಸತ್ತವರು ಹೆಚ್ಚು ಎಂದಿತು. ನಾನಾಗ ಸರ್ವಿಸಿನಲ್ಲಿದ್ದೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಟೀ ಹೊತ್ತಿಗೆ ಇದೇ ಮಾತು. ಆಮೇಲಿನ ಅಧ್ಯಯನಗಳಲ್ಲಿ ಆ ನಂಟು ಗಟ್ಟಿಯಾಗಿ ಸಿಗಲಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲವನ್ನೂ ಸೇರಿಸಿ ನೋಡಿ, ಹೃದಯರೋಗಕ್ಕೂ ಇದಕ್ಕೂ ಸಂಬಂಧವಿದೆ ಎನ್ನಲು ಆಧಾರವಿಲ್ಲ ಎಂದು ಹೇಳಿತು. ಮಕ್ಕಳ ರಕ್ತದ ಕ್ಯಾನ್ಸರ್ ಬಗ್ಗೆ ಮಾತ್ರ 2002ರಿಂದಲೂ ಒಂದು "ಇರಬಹುದು" ಉಳಿದುಕೊಂಡಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಹಳೇ ದೋಸ್ತನಿಂದ ಕಾಂತಕ್ಷೇತ್ರ ಅಳೆಯುವ ಮೀಟರ್ ತಂದು ಹಿರಿಯರ ಎದುರೇ ಅಳೆದೆ. ಸಾಮಾನ್ಯ ಜನರಿಗೆ ಅಂತರರಾಷ್ಟ್ರೀಯ ಮಿತಿ 200 ಮೈಕ್ರೊಟೆಸ್ಲಾ (ಟೆಸ್ಲಾ ಕಾಂತಕ್ಷೇತ್ರದ ಅಳತೆ, ಮೈಕ್ರೊಟೆಸ್ಲಾ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು). ಕಿಟಕಿಯ ಹತ್ತಿರ ಅದರ ಸಮೀಪಕ್ಕೂ ಬರಲಿಲ್ಲ. ಅಡುಗೆಮನೆಯಲ್ಲಿ ಓಡುತ್ತಿದ್ದ ಮಿಕ್ಸರಿಗೆ ಹಿಡಿದರೆ ಅಂಕಿ ಎಗರಿತು, ಎರಡು ಹೆಜ್ಜೆ ಹಿಂದೆ ಸರಿದರೆ ಬಿದ್ದೇ ಹೋಯಿತು. ಅವರ ಹೆಂಡತಿ ಚಟ್ನಿ ನಿಲ್ಲಿಸಿ ನಕ್ಕರು.

ಹೊರಡುವಾಗ ಮಂಚದ ಮೇಲೆ ಕಣ್ಣು ಬಿತ್ತು. ಹೊಸ ಹಾಸಿಗೆ, ಒಳಗೆ ಸಾಲು ಸಾಲು ಅಯಸ್ಕಾಂತದ ಬಿಲ್ಲೆ. ಯಾರೋ ಮನೆಬಾಗಿಲಿಗೆ ಬಂದು, ರಕ್ತದಲ್ಲಿ ಕಬ್ಬಿಣ ಇದೆ, ಅಯಸ್ಕಾಂತ ಅದನ್ನು ಎಳೆದು ಓಡಾಡಿಸುತ್ತದೆ ಅಂತ ಹೇಳಿ ಮಾರಿ ಹೋಗಿದ್ದರಂತೆ. ನನ್ನ ಹತ್ತಿರ ಇದ್ದ ಸೇಫ್ಟಿ ಪಿನ್ನು ಇಟ್ಟೆ. ಟಪ್ಪಂತ ಅಂಟಿಕೊಂಡಿತು. ರಕ್ತದ ಕಬ್ಬಿಣ ಹೀಗೆ ಅಂಟುವ ಜಾತಿಯದ್ದಲ್ಲ. ಹಾಗಿದ್ದಿದ್ದರೆ 1.5 ಟೆಸ್ಲಾದ ಭಾರೀ ಅಯಸ್ಕಾಂತವಿರುವ ಎಂಆರ್‌ಐ ಸ್ಕ್ಯಾನ್ ಯಂತ್ರದ ಒಳಗೆ ಮಲಗಿದವರ ಗತಿ ಏನು, ಅಲ್ವಾ?

ನನಗೆ ಭಯವಾದದ್ದು ಇಲ್ಲಿ. ಅಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯ ಏನು ಹೇಳುತ್ತಿದೆ ಎಂದು ಕೇಳುವುದನ್ನೇ ಬಿಟ್ಟು, ತನ್ನದೇ ಒಂದು ಲೆಕ್ಕದಲ್ಲಿ ಹೊಡೆಯತೊಡಗುತ್ತದೆ. ತಪಾಸಣೆಗೆಂದು ಡಾಕ್ಟರು ಬೇಕಂತಲೇ ಹೀಗೆ ಮಾಡುವುದುಂಟು. ಅದನ್ನು ರಾತ್ರಿಯಿಡೀ ಹಾಸಿಗೆಯಲ್ಲಿ ಹಾಸಿಕೊಳ್ಳಬಹುದೇ? ಅಲ್ಲೇ ಡಾಕ್ಟರಿಗೆ ಫೋನು ಹಚ್ಚಿಸಿದೆ. ಇವತ್ತೇ ತೆಗೆಯಿರಿ ಎಂದರು. ಎದೆ ಹೊಡೆತಕ್ಕೆ ಹಾಸಿಗೆಯೇ ಕಾರಣ ಎಂದು ನಾನು ಹೇಳಲಾರೆ, ಅದನ್ನು ಯಂತ್ರ ಪರೀಕ್ಷಿಸಿದವರೇ ಹೇಳಬೇಕು. ಆ ಫೋನೂ ಹೊರಬಂದದ್ದು ಎಡಗಡೆ ಅಂಗಿಜೇಬಿನಿಂದ, ಅಂದರೆ ಸರಿಯಾಗಿ ಪೇಸ್‌ಮೇಕರಿನ ಮೇಲಿಂದ! ಅರ್ಧ ಅಡಿಯಾದರೂ ದೂರ ಇರಬೇಕು. ಇಂಡಕ್ಷನ್ ಒಲೆಯಿಂದ ಸಾಮಾನ್ಯವಾಗಿ ಎರಡು ಅಡಿ ಎನ್ನುತ್ತಾರೆ. ಹೋಟೆಲಿನ ಅಭ್ಯಾಸ, ಇವರು ಚಹಾ ಕುದಿಯುವುದನ್ನು ಒಲೆಯ ಮೇಲೆ ಬಗ್ಗಿಯೇ ನೋಡುವವರು.

ಇನ್ನು ಕರೆಂಟು ಹೃದಯಕ್ಕೆ ಮಾಡುವ ಕೆಡುಕು ಬೇಕಿದ್ದರೆ ಕೆಳಗೆ ಮೀಟರ್ ರೂಮಿಗೆ ಬನ್ನಿ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಒದ್ದೆ ಕೈಯಿಂದ ಮುಟ್ಟಿ ಎದೆಯ ಮೂಲಕ ಕರೆಂಟು ಹರಿದರೆ ಹೃದಯ ಬಡಿಯುವುದು ಬಿಟ್ಟು ಅದುರತೊಡಗುತ್ತದೆ, ನಿಮಿಷಗಳಲ್ಲಿ ಜೀವ ಹೋಗುತ್ತದೆ. ಇದನ್ನು ತಡೆಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಅಷ್ಟು ಚೂರು ಕರೆಂಟು ಸೋರಿದರೂ ತಟ್ಟನೆ ಲೈನು ಕಡಿಯುವ ಸ್ವಿಚ್ಚು. ನಮ್ಮ ಬಿಲ್ಡಿಂಗಿನ ಹೆಚ್ಚಿನ ಮನೆಗಳಲ್ಲಿ ಅದಿಲ್ಲ. ಟ್ರಾನ್ಸ್‌ಫಾರ್ಮರ್ ಎತ್ತಿಸುವ ಅರ್ಜಿಗೆ ಒಂದೇ ಸಂಜೆಯಲ್ಲಿ ಸಹಿ ಬಿದ್ದವು, ಆರ್‌ಸಿಸಿಬಿ ಖರ್ಚಿನ ಚೀಟಿ ಮಾತ್ರ ಮೂರು ಮೀಟಿಂಗಿನಿಂದ ಕಾರ್ಯದರ್ಶಿಯ ಫೈಲಿನಲ್ಲೇ ಇದೆ.

ನಿಮ್ಮ ಆರೋಗ್ಯ ಪುಟದಲ್ಲಿ ಹೃದಯ ತಜ್ಞರೊಬ್ಬರಿಂದ ಪೇಸ್‌ಮೇಕರ್ ಇರುವವರಿಗಾಗಿ ಒಂದು ಲೇಖನ ಬರೆಸುತ್ತೀರಾ? ಕತ್ತರಿಸಿ ಎರಡನೇ ಮಾಳಿಗೆಗೆ ಕೊಡಬೇಕು. ನನ್ನ ಮಾತಿಗಿಂತ ಅಚ್ಚಾದದ್ದನ್ನು ಅವರು ಜಾಸ್ತಿ ನಂಬುತ್ತಾರೆ.

— ಓದುಗ, ಡೊಂಬಿವಲಿ ಪೂರ್ವ