ಹತ್ತು ದಿನ ತುಂಬದ ತಿಂಗಳುಗಳಲ್ಲಿ ಜೊತೆಗಿದ್ದವರಿಗೆ

ಮೊನ್ನೆ ಮಗಳ ಅನ್ನಪ್ರಾಶನ ಆಯಿತು. ಬಾಣಂತನ ಮುಗಿಸಿ ತವರಿನಿಂದ ಉಡುಪಿಗೆ ಮರಳಿದ್ದೇನೆ, ಶಾಲೆಗೂ ಹೋಗತೊಡಗಿದ್ದೇನೆ. ಫೋಟೊ ನೋಡಿ ಹರಸಿದ ಎಲ್ಲರಿಗೂ ಕೈಮುಗಿದು ವಂದನೆ. ಆದರೆ ಈ ಬರಹ ಮಗುವಿಗಾಗಿ ಕಾಯುತ್ತಿದ್ದ, ಫೋಟೊ ತೆಗೆಯುವಂಥದ್ದು ಏನೂ ಇಲ್ಲದಿದ್ದ ವರ್ಷಗಳಲ್ಲಿ ಜೊತೆಗೆ ನಿಂತವರಿಗಾಗಿ. ಅವರಲ್ಲಿ ಕೆಲವರಿಗೆ ತಾವು ಮಾಡಿದ ಉಪಕಾರ ಎಷ್ಟು ದೊಡ್ಡದೆಂದು ಇವತ್ತಿಗೂ ಗೊತ್ತಿಲ್ಲ. ಹೇಳದೆ ಬಿಟ್ಟರೆ ನನಗೆ ಸಮಾಧಾನವಿಲ್ಲ.

ಹೊರಗಿನಿಂದ ನೋಡಿದರೆ ನನಗೆ ತೊಂದರೆಯೇ ಇರಲಿಲ್ಲ. ಮುಟ್ಟು 28 ದಿನಕ್ಕೊಮ್ಮೆ ಸರಿಯಾಗಿ ಬರುತ್ತಿತ್ತು. "ಡೇಟ್ ಸರಿ ಉಂಟಲ್ಲ, ಮತ್ತೆ ಎಂತ ಚಿಂತೆ?" ಎಂದೇ ಎಲ್ಲರೂ ಹೇಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. 14ನೇ ದಿನದ ಹೊತ್ತಿಗೆ ಅಂಡ ಬಿಡುಗಡೆ ಎಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ನನ್ನ ದೇಹದಲ್ಲಿ ಅದು 19, 20ನೇ ದಿನಕ್ಕೆ ಆಗುತ್ತಿತ್ತು. ಅಲ್ಲಿಂದ ಮುಂದಿನ ಮುಟ್ಟಿನವರೆಗಿನ ಅವಧಿಯನ್ನು ಲೂಟಿಯಲ್ ಹಂತ ಎನ್ನುತ್ತಾರೆ. ಬಹಳಷ್ಟು ಹೆಂಗಸರಲ್ಲಿ ಅದು 12ರಿಂದ 14 ದಿನ ಇರುತ್ತದೆ. ನನಗೆ ಹತ್ತು ದಿನ ತುಂಬುತ್ತಲೇ ಇರಲಿಲ್ಲ.

ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಕೋಶಿಕೆ (ಅಂಡವನ್ನು ಹೊತ್ತಿದ್ದ ಪುಟ್ಟ ಚೀಲ) ಕಾರ್ಪಸ್ ಲೂಟಿಯಂ ಆಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಯಾರಿಸುತ್ತದೆ. ಗರ್ಭಕೋಶದ ಒಳಪದರ ಹದವಾಗುವುದು, ಕಳಚದೆ ನಿಲ್ಲುವುದು ಅದರ ಬಲದಿಂದ. ಭ್ರೂಣ ಬಂದು ಅಲ್ಲಿ ನೆಲೆಯೂರುವುದು ಹೆಚ್ಚಾಗಿ ಅಂಡ ಬಿಡುಗಡೆಯಾದ 8ರಿಂದ 10ನೇ ದಿನದೊಳಗೆ. ನನ್ನಲ್ಲಿ ಆ ಹೊತ್ತಿಗೆ ಪದರವೇ ಕಳಚಲು ಶುರುವಾಗಿರುತ್ತಿತ್ತು. ಇದನ್ನು ಅತ್ತೆಗೆ ವಿವರಿಸಿದಾಗ ಅವರು ಒಂದು ಕ್ಷಣ ಯೋಚಿಸಿ, "ಭತ್ತದ ನೇಜಿ ತರುವ ಹೊತ್ತಿಗೆ ಗದ್ದೆಯ ನೀರು ಇಳಿದುಹೋದ ಹಾಗೆ, ಅಲ್ವಾ?" ಎಂದರು. ಅದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಮೊದಲ ವಂದನೆ ನಮ್ಮ ಡಾಕ್ಟರಮ್ಮನಿಗೆ. ಅವರ ಹತ್ತಿರ ಹೋಗುವ ಮೊದಲು ಬೇರೊಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಅಲ್ಲಿ 21ನೇ ದಿನಕ್ಕೆ ರಕ್ತ ತೆಗೆದು, ಪ್ರೊಜೆಸ್ಟರಾನ್ ಕಡಿಮೆ ಇರುವುದನ್ನು ನೋಡಿ, ಅಂಡವೇ ಬಿಡುಗಡೆಯಾಗುತ್ತಿಲ್ಲ ಎಂದಿದ್ದರು. ಮಾತು ಮುಗಿಯುವ ಮೊದಲೇ, ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವ ಐವಿಎಫ್‌ನ ಖರ್ಚಿನ ಪಟ್ಟಿ ಕೈಗೆ ಬಂದಿತ್ತು. ನನ್ನ ಗಂಡನ ಪರೀಕ್ಷೆ ಮಾಡಿಸಬೇಕೆ ಎಂದು ಕೂಡ ಯಾರೂ ಕೇಳಿರಲಿಲ್ಲ. ಐವಿಎಫ್‌ನಿಂದ ಮಗು ಕಂಡವರು ನಮ್ಮ ಬಳಗದಲ್ಲೇ ಇದ್ದಾರೆ, ಅವರ ಸಂತೋಷದಲ್ಲಿ ನಾನೂ ಪಾಲು ಪಡೆದಿದ್ದೇನೆ. ಆದರೆ ಕಾರಣ ಹುಡುಕುವ ಮೊದಲೇ ಹೆದರಿಸಿ ಆ ಬಾಗಿಲಿಗೆ ತಳ್ಳುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಡಾಕ್ಟರಮ್ಮ ರಿಪೋರ್ಟ್ ಬದಿಗಿಟ್ಟು ಮೊದಲು ನೋಡಿದ್ದು ನಾನು ಬರೆದಿಟ್ಟ ಉಷ್ಣತೆಯ ಚಾರ್ಟನ್ನು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಥರ್ಮಾಮೀಟರ್ ನಾಲಿಗೆಯಡಿ ಇಟ್ಟು ಬರೆದ ಅಂಕಿಗಳು. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್‌ನಿಂದಾಗಿ ಮೈಯ ಉಷ್ಣತೆ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿ, ಮುಟ್ಟಿನವರೆಗೂ ಹಾಗೇ ನಿಲ್ಲುತ್ತದೆ. ಏರಿದ್ದು ಯಾವತ್ತು, ಇಳಿದದ್ದು ಯಾವತ್ತು ಎಂದು ಅವರು ಪೆನ್ಸಿಲಿನಿಂದ ಗುರುತು ಮಾಡಿದರು. "21ನೇ ದಿನದ ಪರೀಕ್ಷೆ 14ನೇ ದಿನಕ್ಕೆ ಅಂಡ ಬಿಡುಗಡೆಯಾಗುವವರಿಗೆ. ನಿಮಗೆ ಆಗಿ ಒಂದೆರಡು ದಿನವಾಗುವಾಗಲೇ ರಕ್ತ ತೆಗೆದಿದ್ದಾರೆ. ಕಡಿಮೆ ಬಾರದೆ ಇನ್ನೇನು ಬರ್ತದೆ?" ಎಂದರು. ಮುಂದಿನ ತಿಂಗಳು ಕೋಶಿಕೆ ಬೆಳೆಯುವುದನ್ನು ನೋಡುವ ಫಾಲಿಕಲ್ ಸ್ಕ್ಯಾನ್ ಮಾಡಿಸಿ, ಅಂಡ ಬಿಡುಗಡೆಯಾದ ಏಳನೇ ದಿನಕ್ಕೆ ಅದೇ ಪರೀಕ್ಷೆ ಮಾಡಿಸಿದಾಗ ಅಂಡ ಬಿಡುಗಡೆ ಆಗುತ್ತಿದೆ ಎಂಬುದು ಖಾತ್ರಿಯಾಯಿತು. ಒಂದು ಮಿಲಿಲೀಟರ್ ರಕ್ತದಲ್ಲಿ ಪ್ರೊಜೆಸ್ಟರಾನ್ 3 ನ್ಯಾನೊಗ್ರಾಂಗಿಂತ ಹೆಚ್ಚು ಇದ್ದರೆ ಅಷ್ಟು ಮಾತ್ರ ಹೇಳಬಹುದು, ಸಾಕಷ್ಟಿದೆಯೋ ಇಲ್ಲವೋ ಎಂದು ಒಂದೇ ಅಂಕಿಯಿಂದ ತೀರ್ಮಾನಿಸಲಾಗದು ಎಂದೂ ಅವರೇ ತಿಳಿಸಿದರು. ಪ್ರೊಜೆಸ್ಟರಾನ್ ಬಿಟ್ಟು ಬಿಟ್ಟು ಒಸರುವುದರಿಂದ ಒಂದೇ ದಿನದಲ್ಲಿ ಕೆಲವೇ ತಾಸಿಗೆ ಅಂಕಿ ಏರಿಳಿಯುತ್ತದಂತೆ.

ನನಗೆ ಅವರ ಮೇಲೆ ಭಕ್ತಿ ಹುಟ್ಟಿದ್ದು ಇನ್ನೊಂದು ಮಾತಿಗೆ. ಲೂಟಿಯಲ್ ಹಂತದ ಕೊರತೆಯನ್ನು ಅಮೆರಿಕದ ವೈದ್ಯೆ ಜಾರ್ಜಿಯಾನಾ ಜೋನ್ಸ್ 1949ರಲ್ಲೇ ವಿವರಿಸಿದ್ದರೂ, ಅದೊಂದೇ ಮಕ್ಕಳಾಗದಿರುವುದಕ್ಕೆ ಕಾರಣ ಎಂದು ಇವತ್ತಿಗೂ ಸಾಬೀತಾಗಿಲ್ಲ ಎಂದು ಬಿಡಿಸಿ ಹೇಳಿದರು. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯವನ್ನೂ ತಿಳಿಸಿದರು. ಈ ಅವಧಿ ಗಿಡ್ಡವಾಗಿದ್ದವರಿಗೆ ಅದರ ಬೆನ್ನಿಗಿನ ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸ್ವಲ್ಪ ಕಡಿಮೆ ಕಂಡರೂ, ಇಡೀ ವರ್ಷದ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲವಂತೆ. "ಹಾಗಾಗಿ ದಿನ ಗಿಡ್ಡ ಆಗುವುದಕ್ಕೆ ಹಿಂದೆ ಏನುಂಟು ಅಂತ ಹುಡುಕುವ" ಎಂದರು. ಗೊತ್ತಿರುವುದೆಷ್ಟು, ಇಲ್ಲದಿರುವುದೆಷ್ಟು ಎಂದು ರೋಗಿಯ ಮುಂದೆ ಇಷ್ಟು ನೇರವಾಗಿ ಹೇಳುವ ವೈದ್ಯರು ಸಿಕ್ಕಿದ್ದು ನನ್ನ ಪುಣ್ಯ. ಆ ದಿನದಿಂದ ರಾತ್ರಿ ನಿದ್ದೆ ಬರತೊಡಗಿತು.

ಹುಡುಕಿದಾಗ ಸಿಕ್ಕಿದ್ದು ಥೈರಾಯ್ಡ್. ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಮಿತಿಗಿಂತ ಮೇಲಿತ್ತು, ಎದೆಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಕೂಡ ತುಸು ಏರಿತ್ತು. ಥೈರಾಯ್ಡ್ ಸೊರಗಿದಾಗ ಅದನ್ನು ಎಬ್ಬಿಸಲು ಮೆದುಳು ಕಳಿಸುವ ಇನ್ನೊಂದು ಹಾರ್ಮೋನೇ ಪ್ರೊಲ್ಯಾಕ್ಟಿನ್ನನ್ನೂ ಏರಿಸುತ್ತದೆ. ಪ್ರೊಲ್ಯಾಕ್ಟಿನ್ ಏರಿದರೆ ಅಂಡಾಶಯಕ್ಕೆ ಹೋಗುವ ಸಂಕೇತ ಕುಗ್ಗುತ್ತದೆ, ಕೋಶಿಕೆ ಚೆನ್ನಾಗಿ ಬಲಿಯುವುದಿಲ್ಲ, ಬಲಿಯದ ಕೋಶಿಕೆಯಿಂದ ಆಗುವ ಕಾರ್ಪಸ್ ಲೂಟಿಯಂ ಬೇಗ ಸೋಲುತ್ತದೆ. ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ, 6ರಿಂದ 8 ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಥೈರಾಯ್ಡ್ ಹದಕ್ಕೆ ಬಂದಂತೆ ಪ್ರೊಲ್ಯಾಕ್ಟಿನ್ ಬೇರೆ ಮದ್ದಿಲ್ಲದೆ ತಾನಾಗಿ ಇಳಿಯಿತು. ಚಾರ್ಟಿನಲ್ಲಿ ಏರಿದ ಗೆರೆ ಮೊದಲಿಗಿಂತ ಹೆಚ್ಚು ದಿನ ನಿಲ್ಲತೊಡಗಿತು.

ನನ್ನ ಗಂಡನಿಗೆ ವಂದನೆ ಹೇಳಿದರೆ ಮುಜುಗರಪಡುತ್ತಾರೆ, ಆದರೂ ಹೇಳುತ್ತೇನೆ. ವೀರ್ಯ ಪರೀಕ್ಷೆ ಮಾಡಿಸಿ ಎಂದು ಡಾಕ್ಟರಮ್ಮ ಅಂದ ಮಾರನೆಯ ದಿನವೇ ಹೋಗಿ ಮಾಡಿಸಿಕೊಂಡು ಬಂದರು. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಆದರೂ ವರ್ಷಗಟ್ಟಲೆ ಹೆಂಡತಿಯೊಬ್ಬಳನ್ನೇ ಸೂಜಿ, ಸ್ಕ್ಯಾನು ಎಂದು ಓಡಾಡಿಸುವ ಮನೆಗಳನ್ನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ಅತ್ಯಂತ ಸುಲಭದ ಪರೀಕ್ಷೆ ಅವರದ್ದೇ. ಅದು ಮೊದಲು ಆಗಬೇಕು.

ಅತ್ತೆಯ ವಿಷಯ ಬರೆಯದೆ ಮುಂದೆ ಹೋಗಲಾರೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಅದಾದ ಮೇಲೆ ಅರ್ಧ ಮುಕ್ಕಾಲು ತಾಸು ಚಾ ಕೂಡ ಇಲ್ಲ ಎಂದಾಗ, ಮನೆಯ ಬೆಳಗ್ಗಿನ ಚಾದ ಹೊತ್ತನ್ನೇ ಅವರು ಬದಲಿಸಿಬಿಟ್ಟರು. ನಾನು ಕುಡಿಯುವವರೆಗೆ ಅವರೂ ಕುಡಿಯಲಿಲ್ಲ. ನಾಗದೋಷ ಇರಬಹುದು, ಆಶ್ಲೇಷಾ ಬಲಿ ಮಾಡಿಸಿ ಎಂದು ಬಂಧುಗಳು ಹೇಳುತ್ತಿದ್ದರು. ಅತ್ತೆ ನಾಗರಪಂಚಮಿಗೆ ಮೂಲಸ್ಥಾನಕ್ಕೆ ಹೋಗಿ ತನು ಎರೆದು ಬಂದರು, ಷಷ್ಠಿಗೆ ಉಪವಾಸ ಮಾಡಿದರು. ನನ್ನ ಮೇಲೆ ಒಂದು ಕಟ್ಟುಪಾಡನ್ನೂ ಹೇರಲಿಲ್ಲ. "ದೇವರದ್ದು ನಾನು ನೋಡಿಕೊಳ್ತೇನೆ, ಮದ್ದಿನದ್ದು ನೀನು ನೋಡಿಕೋ ಮಗಾ" ಎಂದರು. ಅವರ ಹರಕೆಗೂ ನಾನು ಋಣಿ. ಯಾವುದು ಫಲಿಸಿತು ಎಂದು ಲೆಕ್ಕ ಹಾಕುವ ಮನಸ್ಸು ನನಗಿಲ್ಲ.

ಬ್ರಹ್ಮಾವರದ ಕಡೆ ಒಂದು ಮದುವೆಯ ಊಟದ ಹಾಲಿನಲ್ಲಿ ದೂರದ ಸಂಬಂಧಿಯೊಬ್ಬರು ನಾಲ್ಕು ಜನರ ಮುಂದೆ, "ಎಂತ ಮಾರಾಯ್ತಿ, ವಿಶೇಷ ಏನಾದ್ರೂ ಉಂಟಾ?" ಎಂದು ನನ್ನ ಹೊಟ್ಟೆ ನೋಡಿ ಕೇಳಿದರು. ನಾನು ಉತ್ತರ ಹುಡುಕುವುದರೊಳಗೆ ಅತ್ತೆ, "ಇದ್ದರೆ ನಿಮಗೆ ನಾವೇ ಹೇಳಿ ಕಳಿಸ್ತೇವೆ. ಇನ್ನು ಅವಳ ಹತ್ತಿರ ಇದನ್ನು ಕೇಳಬೇಡಿ" ಎಂದರು. ಧ್ವನಿ ಏರಿಸಲಿಲ್ಲ. ಆದರೆ ಆ ಸಾಲಿನಲ್ಲಿ ಕೂತವರಲ್ಲಿ ಯಾರೂ ಮತ್ತೆ ಕೇಳಲಿಲ್ಲ. ಮಗುವಿನ ಸುದ್ದಿ ಕೇಳುವುದು ಪ್ರೀತಿಯಿಂದಲೇ ಇರಬಹುದು. ಆದರೆ ಪ್ರತಿ ತಿಂಗಳೂ ಮುಟ್ಟಿನ ಕಲೆ ಕಂಡು ಬಚ್ಚಲಿನಲ್ಲಿ ಅತ್ತು, ಮುಖ ತೊಳೆದು ಬಂದವಳಿಗೆ ಆ ಪ್ರಶ್ನೆ ಎಷ್ಟು ಭಾರ ಎಂಬುದನ್ನು ಅತ್ತೆಯಷ್ಟು ಬೇಗ ತಿಳಿದವರು ಬೇರೆ ಯಾರೂ ಇಲ್ಲ.

ಶಾಲೆಯ ಕನ್ನಡ ಟೀಚರ್, ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ಆಟಿಯ ಜೋರು ಮಳೆಯ ಆ ದಿನ ನಿಮಗೆ ನೆನಪಿರಬಹುದು. ಹಿಂದಿನ ವಾರ ಕಿಟ್‌ನಲ್ಲಿ ಎರಡನೇ ಗೆರೆ ತೆಳುವಾಗಿ ಮೂಡಿತ್ತು. ಅವತ್ತು ಎರಡನೇ ಪಿರಿಯಡ್ ಹೊತ್ತಿಗೆ ರಕ್ತ ಹೋಗತೊಡಗಿತು. ಇಷ್ಟು ಬೇಗ ಅಳಿದುಹೋಗುವುದನ್ನು ಕೆಮಿಕಲ್ ಪ್ರೆಗ್ನೆನ್ಸಿ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ನನಗೆ ಮಾತ್ರ ಅದು ಮಗುವೇ ಆಗಿತ್ತು. ನೀವು ಒಂದು ಪ್ರಶ್ನೆ ಕೇಳದೆ ನನ್ನ ಚೀಲ ಹಿಡಿದು, ಹೆಡ್ ಮಾಸ್ತರರಿಗೆ ಹೇಳಿ, ಮಲ್ಪೆಯಿಂದ ಸಿಟಿ ಬಸ್ಸಿನಲ್ಲಿ ನನ್ನ ಜೊತೆ ಮನೆಯವರೆಗೆ ಬಂದಿರಿ. ದಾರಿಯುದ್ದಕ್ಕೂ ಕೈ ಹಿಡಿದುಕೊಂಡಿದ್ದಿರಿ. "ಇನ್ನೂ ವಯಸ್ಸುಂಟು, ಆಗ್ತದೆ" ಎನ್ನಲಿಲ್ಲ. ರಜೆ ಮುಗಿಸಿ ಬಂದಾಗ ನನ್ನ ತರಗತಿಯ ಉತ್ತರ ಪತ್ರಿಕೆಗಳನ್ನೆಲ್ಲ ನೀವು ತಿದ್ದಿಟ್ಟಿದ್ದಿರಿ. ನಿಮಗೆ ಎದುರಿಗೆ ಹೇಳಲು ಹೊರಟಾಗಲೆಲ್ಲ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆದಿದ್ದೇನೆ.

ಅದಾದ ಮೇಲೆ ಡಾಕ್ಟರಮ್ಮ ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಸೇರಿಸಿದರು. ಇದರ ಲಾಭಕ್ಕೆ ಪುರಾವೆ ಗಟ್ಟಿಯಿಲ್ಲ, ಆದರೆ ನಿಮ್ಮ ಚಾರ್ಟ್ ನೋಡಿ ಕೊಡುತ್ತಿದ್ದೇನೆ ಎಂದು ಹೇಳಿಯೇ ಬರೆದುಕೊಟ್ಟರು. ಇದೇ ದಾರಿಯಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ಎರಡು ವಿಷಯ ತಿಳಿಸುತ್ತೇನೆ. ಅಂಡ ಬಿಡುಗಡೆಯಾದದ್ದು ಖಾತ್ರಿಯಾದ ಮೇಲೆಯೇ ಇದನ್ನು ಶುರುಮಾಡಬೇಕು, ಮೊದಲೇ ತೆಗೆದುಕೊಂಡರೆ ಬಿಡುಗಡೆಗೇ ಅಡ್ಡಿಯಾಗಬಹುದು. ಕ್ಯಾಪ್ಸೂಲ್ ಇರುವಾಗ ಮುಟ್ಟು ಮುಂದೆ ಹೋಗುವುದೂ ಮೈ ಬೆಚ್ಚಗಿರುವುದೂ ಸಹಜ, ಅದನ್ನೇ ಗರ್ಭ ಎಂದು ನಂಬಿಕೊಳ್ಳುವಂತಿಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಅಂಗಡಿಯಲ್ಲಿ ಕೇಳಿ ಸ್ವಂತ ತೆಗೆದುಕೊಳ್ಳುವ ಮದ್ದಲ್ಲ ಇದು. ಆ ಕ್ಯಾಪ್ಸೂಲ್ ಒಮ್ಮೆ ಊರಿನಲ್ಲೆಲ್ಲೂ ಸಿಗದಿದ್ದಾಗ, ಸಂಜೆಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿನಿಂದ ತರಿಸಿ, ಅಂಗಡಿ ಮುಚ್ಚದೆ ಕಾದಿದ್ದ ಮೆಡಿಕಲ್ಲಿನ ಅಣ್ಣನಿಗೂ ನನ್ನ ನಮಸ್ಕಾರ.

ಗೆರೆ ದಪ್ಪಗೆ ಮೂಡಿದ ದಿನ ಫೋನ್ ಮಾಡಿದರೆ ಡಾಕ್ಟರಮ್ಮ ಅಭಿನಂದನೆಗಿಂತ ಮೊದಲು ಥೈರಾಯ್ಡ್ ಮಾತ್ರೆ ಹೆಚ್ಚಿಸಲು ಹೇಳಿದರು. ಗರ್ಭ ನಿಂತ ಕೂಡಲೇ ಅದರ ಅಗತ್ಯ ಏರುತ್ತದೆ. ತಾಯಿ ಕಾರ್ಡ್ ಮಾಡಿಸಿಕೊಟ್ಟು, ಮಳೆ ಬಿಸಿಲು ನೋಡದೆ ಮನೆಗೆ ಬಂದು ವಿಚಾರಿಸಿದ ಆಶಾ ಕಾರ್ಯಕರ್ತೆ ಅಕ್ಕನಿಗೆ, ಬಯಕೆಯ ದಿನ ಮಲ್ಲಿಗೆ ಕಟ್ಟಿ ತಂದ ಶಂಕರಪುರದ ಚಿಕ್ಕಮ್ಮನಿಗೆ, ಬಾಣಂತನ ಮಾಡಿ ಸೊರಗಿದ ನನ್ನ ಅಮ್ಮನಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಇನ್ನು ಒಬ್ಬರು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಪರಿಚಯವಾದ ಕಾರ್ಕಳದ ಅಕ್ಕ. ಇಬ್ಬರದ್ದೂ ಒಂದೇ ಹೊತ್ತಿಗೆ ಸರದಿ ಬರುತ್ತಿತ್ತು. ಹೊಟ್ಟೆ ತುಂಬ ನೀರು ಕುಡಿದು ಕೂತು, ನಿಮ್ಮ ಅಂಗಡಿಯ ಕಥೆ, ನನ್ನ ಶಾಲೆಯ ಮಕ್ಕಳ ಪರೀಕ್ಷೆಯ ಕಥೆ ಮಾತಾಡಿಕೊಂಡೆವು. ನನಗೆ ಗರ್ಭ ನಿಂತಾಗ ನಿಮಗೆ ಹೇಳುವುದು ಹೇಗೆಂದು ತಿಳಿಯದೆ ಸುಮ್ಮನಿದ್ದಾಗ, ನೀವೇ ಫೋನ್ ಮಾಡಿ, "ನನ್ನಿಂದ ಮುಚ್ಚಿಡಬೇಡ, ನಿನ್ನ ಸಂತೋಷದಿಂದ ನನಗೇನೂ ಕಡಿಮೆ ಆಗುವುದಿಲ್ಲ" ಎಂದಿರಿ. ನಿಮ್ಮ ಕಾಯುವಿಕೆ ಇನ್ನೂ ಮುಗಿದಿಲ್ಲ. ನಿಮ್ಮನ್ನು ಕೇಳದೆ ಇದನ್ನು ಬರೆದಿಲ್ಲ, ನೀವು ಬರೆ ಎಂದ ಮೇಲೆಯೇ ಬರೆದೆ. ಅಕ್ಕ, ಮುಂದಿನ ವಾರದ ನಿಮ್ಮ ಸ್ಕ್ಯಾನಿಗೆ ನಾನೂ ಬರುತ್ತೇನೆ. ಶಾಲೆಗೆ ಅರ್ಧ ದಿನದ ರಜೆ ಹೇಳಿಯಾಗಿದೆ, ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ. ನೀವು ಬಸ್ಸು ಇಳಿದು ಅಲ್ಲೇ ನಿಲ್ಲಿ, ಒಟ್ಟಿಗೆ ಹೋಗುವ.