ದಾಟಿದ್ದರೆ ಎಂಬ ಭಯಕ್ಕೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ. ಸಂಬಳದ ವಿಷಯ ಬರೆದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, ‘ಹೆಂಗಸರ ಒಳಗೆ ಇಳಿಸಿ ಸ್ಕ್ಯಾನ್ ಮಾಡುವ ಪ್ರೋಬ್‌ನಿಂದ ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ನನ್ನ ಕೈಯಿಂದಲೇ ದಾಟಿದ್ದರೆ?’ ಎಂದು, ಅದು ನನ್ನ ನಿದ್ದೆ ಕೆಡಿಸಿತು. ನಿಮ್ಮಲ್ಲಿ ಪ್ರೋಬ್‌ಗೆ ಹೊದಿಕೆಯಾಗಿ ಹಾಕಿದ ಕಾಂಡೋಮ್ ಬದಲಿಸಿ, ಟಿಶ್ಯೂವಿನಲ್ಲಿ ಒರೆಸಿ, ಮುಂದಿನವರನ್ನು ಕರೆಯುತ್ತಾರಂತೆ. ಹೆದರಬೇಡ ಎಂದು ಬರೆದು ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ. ನಿನ್ನನ್ನು ಈ ಕೆಲಸಕ್ಕೇ ಸೇರಿಸಬೇಕೆಂದು ಹಟ ಹಿಡಿದವಳು ನಾನು, ಅದೂ ಒಂದು ಕಾರಣ.

ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ನ ಬಗ್ಗೆ ಇಷ್ಟು ಹೆದರಬೇಕಾಗಿಲ್ಲ. ಗಾಯವಿಲ್ಲದ ಚರ್ಮವಾದರೆ ಜೆಲ್ ತೆಗೆದು ಸೋಂಕುನಿವಾರಕದಿಂದ ಒರೆಸಿದರೆ ನಡೆಯುತ್ತದೆ. ಒಳಗೆ ಹೋಗುವುದು ಲೋಳೆಪೊರೆಯನ್ನು ಮುಟ್ಟುತ್ತದೆ. ಯಾವ ಉಪಕರಣ ದೇಹದ ಯಾವ ಭಾಗವನ್ನು ಮುಟ್ಟುತ್ತದೆ ಎಂಬುದರ ಮೇಲೆ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಅರ್ಲ್ ಸ್ಪಾಲ್ಡಿಂಗ್ ಅವುಗಳನ್ನು ವಿಂಗಡಿಸಿ ಅರ್ಧ ಶತಮಾನ ದಾಟಿತು. ಆ ಲೆಕ್ಕದಲ್ಲಿ ಇದಕ್ಕೆ ಉನ್ನತ ಮಟ್ಟದ ಸೋಂಕುನಿವಾರಣೆಯೇ, ಅಂದರೆ ಬಹುತೇಕ ಎಲ್ಲ ರೋಗಾಣುಗಳನ್ನೂ ಕೊಲ್ಲುವಂಥದ್ದೇ ಬೇಕು. ಹೊದಿಕೆ ಹಾಕಿದ್ದೆವು ಎಂಬ ಕಾರಣಕ್ಕೆ ಇಂದಿನ ಮಾರ್ಗಸೂಚಿಗಳೂ ವಿನಾಯಿತಿ ಕೊಡುವುದಿಲ್ಲ. ಕಾಂಡೋಮ್ ಹರಿಯುತ್ತದೆ, ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಬಿಚ್ಚುವಾಗ ಕೈಗವಸಿನ ಕೊಳೆ ಪ್ರೋಬ್‌ನ ಹಿಡಿಗೂ ಅದರ ವೈರ್‌ಗೂ ತಾಗುತ್ತದೆ. ಸ್ಪಿರಿಟ್ ಹಚ್ಚಿದರಾಯಿತು ಎನ್ನುವವರಿದ್ದಾರೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಸ್ಪಿರಿಟ್‌ಗೆ ಬಗ್ಗುವ ವೈರಸ್ ಅಲ್ಲ.

ಅಂದರೆ ನಿನ್ನ ಭಯ ಸುಳ್ಳಲ್ಲ. ಹೀಗೆ ಬರೆಯಲು ನನಗೇ ಕಷ್ಟವಾಗುತ್ತಿದೆ.

ನಾನು ವಾರ್ಡಿನ ಕೆಲಸಕ್ಕೆ ಸೇರಿದಾಗ ಗಾಜಿನ ಸಿರಿಂಜುಗಳನ್ನು ಕುದಿಸುತ್ತಿದ್ದೆವು. ನೀರು ಮರಳಿದ ಮೇಲೆಯೇ ಗಡಿಯಾರ ನೋಡಬೇಕು ಎನ್ನುವ ಹಿರಿಯ ಸಿಸ್ಟರ್ ಒಬ್ಬರಿದ್ದರು. ನಡುವೆ ಯಾರಾದರೂ ಇನ್ನೊಂದು ಸಿರಿಂಜ್ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ. ಹೊರಗೆ ಡಾಕ್ಟರು ಕೂಗಾಡುತ್ತಿದ್ದರೂ ಅವರು ಕದಲುತ್ತಿರಲಿಲ್ಲ. ಅವರ ಬೆನ್ನ ಹಿಂದೆ ನಾವೆಲ್ಲ ನಗುತ್ತಿದ್ದೆವು. ನಿವೃತ್ತರಾದ ದಿನ ಅವರಿಗೆ ಒಂದು ಒಳ್ಳೆಯ ಮಾತು ಹೇಳಬೇಕಿತ್ತು, ಯಾರೂ ಹೇಳಲಿಲ್ಲ. ನಾನಾದರೂ ಹೇಳಬಹುದಿತ್ತು.

ದಾಟಿತ್ತೇ ಎಂದು ಕೇಳಿದ್ದೀಯ. ಇಂಥ ಸೋಂಕು ದಾಟಿದರೂ ಗುರುತು ಉಳಿಯುವುದು ಅಪರೂಪ. ಎಷ್ಟೋ ತಿಂಗಳ ಮೇಲೆ ಆ ಹೆಣ್ಣುಮಗಳಿಗೆ ಏನಾದರೂ ಕಾಣಿಸಿಕೊಂಡರೆ, ಅಂದಿನ ಸ್ಕ್ಯಾನಿಂಗನ್ನು ಯಾರು ನೆನೆಯುತ್ತಾರೆ? ಬ್ರಿಟನ್ನಿನಲ್ಲಿ ಒಬ್ಬ ರೋಗಿ ಹೆಪಟೈಟಿಸ್ ಬಿಯಿಂದ ತೀರಿಕೊಂಡಾಗ, ಹೃದಯ ನೋಡಲು ಅನ್ನನಾಳಕ್ಕೆ ಇಳಿಸುವ ಪ್ರೋಬನ್ನು ಸರಿಯಾಗಿ ಶುದ್ಧಗೊಳಿಸದಿದ್ದುದು ಕಾರಣವಿರಬಹುದು ಎಂದು 2012ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಅಲ್ಲಿಯೂ ‘ಇರಬಹುದು’ ಅಷ್ಟೇ. ನಿನ್ನ ಪ್ರಶ್ನೆಗೆ ಉತ್ತರ ಸಿಗಲಾರದು ಪುಟ್ಟಿ. ರಾತ್ರಿಯೆಲ್ಲ ಅದನ್ನೇ ಅಗೆಯುತ್ತಾ ಮಲಗಬೇಡ.

ಉಪದೇಶ ಮಾಡಲು ನಾನು ಯಾರು, ಈಗಿನ ಯಂತ್ರಗಳನ್ನು ಮುಟ್ಟಿದವಳೂ ಅಲ್ಲ. ಆದರೂ ಹೇಳುತ್ತೇನೆ. ಮೊದಲು ಜೆಲ್ ಪೂರ್ತಿ ತೊಳೆದು ಹೋಗಲಿ; ಅದು ಅಂಟಿಕೊಂಡಿದ್ದರೆ ಎಂಥ ದ್ರಾವಣವೂ ಜಿಡ್ಡು ಬಾಣಲೆಗೆ ತಣ್ಣೀರು ಹೊಯ್ದಂತೆ. ಸೋಂಕುನಿವಾರಕ ದ್ರಾವಣ ಶೇಕಡಾ 2ರ ಗ್ಲುಟರಾಲ್ಡಿಹೈಡ್ ಆದರೆ ಕನಿಷ್ಠ 20 ನಿಮಿಷ ಮುಳುಗಿರಬೇಕು. ಬೇರೆಯದಾದರೆ ಬಾಟಲಿಯ ಚೀಟಿಯಲ್ಲಿರುವಷ್ಟು ಹೊತ್ತು. ದ್ರಾವಣ ಬೆರೆಸಿದ ತಾರೀಖು ಬರೆದಿಡು, ಅದರ ಬಲ ತೋರಿಸುವ ಪರೀಕ್ಷಾ ಪಟ್ಟಿ ಅದ್ದಿ ನೋಡು, ಒದ್ದೆ ಪ್ರೋಬ್ ಹಾಕುತ್ತಾ ಹೋದರೆ ಅದು ತೆಳುವಾಗುತ್ತದೆ. ಯಂತ್ರಕ್ಕೆ ಚುಚ್ಚುವ ತುದಿ ಮುಳುಗದಿರಲಿ. ಆಮೇಲೆ ಚೆನ್ನಾಗಿ ನೀರಿನಲ್ಲಿ ತೊಳೆಯದಿದ್ದರೆ ಉಳಿದ ರಾಸಾಯನಿಕ ಒಳಗಿನ ಪೊರೆಯನ್ನು ಸುಡುತ್ತದೆ. ಕಿಟಕಿ ತೆರೆದಿಡು, ಕಿಟಕಿಯಿಲ್ಲದ ಕೋಣೆಯಲ್ಲಿ ಆ ಹಬೆ ಕುಡಿದ ನನ್ನ ಕೆಮ್ಮು ನಿನಗೆ ಗೊತ್ತೇ ಇದೆ.

ಇಷ್ಟು ರೋಗಿಗಳ ನಡುವೆ 20 ನಿಮಿಷ ಎಲ್ಲಿಂದ ಬರುತ್ತದೆ ಎನ್ನುತ್ತೀಯ. ಇನ್ನೊಂದು ಪ್ರೋಬ್ ಇದ್ದರೆ ಒಂದು ನೆನೆಯುವಾಗ ಇನ್ನೊಂದು ನಡೆಯುತ್ತದೆ. ದುಡ್ಡು ನನ್ನದಲ್ಲ, ಹೇಳುವುದು ಸುಲಭ. ಡಾಕ್ಟರಿಗೆ ನೀವು ಮಾಡುವುದು ತಪ್ಪು ಎಂದು ಹೇಳಲು ಹೋಗಬೇಡ. ಕಂಪನಿಯ ಕೈಪಿಡಿ ತೆಗೆದು, ಈ ಪ್ರೋಬ್‌ಗೆ ಯಾವ ದ್ರಾವಣ ಹಿಡಿಸುತ್ತದೆ ಸರ್, ಸ್ಪಿರಿಟ್‌ನಿಂದ ಇದರ ಪೊರೆ ಹಾಳಾದರೆ ಎಂದು ಕೇಳು. ರೋಗಿಯ ಮಾತಿಗೆ ಏಳದ ಕಿವಿ ಪ್ರೋಬ್‌ನ ಬೆಲೆಗೆ ಏಳುವುದುಂಟು.

ನಿಮ್ಮಲ್ಲಿರುವ ಬಾಟಲಿಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸು. ತೆರೆದ ತಾರೀಖೂ ಕಾಣುವಂತಿರಲಿ.

ನಿನ್ನ ದೊಡ್ಡಮ್ಮ