ಜ್ವರಕ್ಕೆ ಕೂತಿರೋ ಹುಳಕ್ಕೆ ಸೊಪ್ಪು ಹಾಕ್ಬೇಡ

ತಾಯಿ,

ನಿನ್ನ ಬರಹ ವಾಟ್ಸಾಪಲ್ಲಿ ಬಂದು ಹದಿನೈದು ದಿನ ಆಯ್ತು, ಉತ್ತರ ಲೇಟಾಯ್ತು ಅಂತ ಬೇಜಾರ್ ಮಾಡ್ಕೋಬೇಡ, ಇಲ್ಲಿ ಶಿಡ್ಲಘಟ್ಟದ ಹತ್ರ ನನ್ ತಮ್ಮನ ಮನೇಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿತ್ತು, ಅಂದ್ರೆ ಕೊನೇ ಸಲ ಪೊರೆ ಬಿಟ್ಟು ತಿನ್ನೋಕೆ ಶುರು ಮಾಡಿತ್ತು. ಆ ವಾರ ಮನೆಯವ್ರು ಊಟ ಮಾಡಿದ್ರಾ ಅಂತ ಯಾರೂ ಕೇಳಲ್ಲ, ಹುಳ ತಿಂತಾ ಅಂತ ಕೇಳ್ತಾರೆ ಅಷ್ಟೇ. ಒಂದು ಬೆಳೆಗೆ ಬೇಕಾಗೋ ಸೊಪ್ಪಲ್ಲಿ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ಆ ಕೊನೇ ಹಂತದಲ್ಲೇ ಖಾಲಿ ಆಗತ್ತೆ. ನನ್ನಂಥ ರಿಟೈರ್ಡ್ ಮನುಷ್ಯನ್ನೂ ಸೊಪ್ಪಿನ ಹೊರೆ ಎತ್ತೋಕೆ ಕರೆದ್ರು ಅಂದ್ರೆ ನೀನೇ ಲೆಕ್ಕ ಹಾಕ್ಕೋ.

ನಿನ್ನ ಆ ಬರಹ, 'ಮಂಡಿ ನನಗೆ ಕಲಿಸಿದ ಹತ್ತು ಪಾಠಗಳು', ಎರಡು ಸಲ ಓದ್ದೆ. ಬೈಯ್ಯಲ್ಲ, ಆದ್ರೆ ಇರೋದು ಹೇಳ್ತೀನಿ. ತಾಳ್ಮೆ ಇರ್ಬೇಕು, ಟೈಮ್ ಮ್ಯಾನೇಜ್‌ಮೆಂಟ್ ಇರ್ಬೇಕು, ಸೋಲಿಗೆ ಹೆದರಬಾರ್ದು, ಇದನ್ನೆಲ್ಲಾ ಬರಿಯೋಕೆ ಕೋಲಾರದ ಎಪಿಎಂಸೀಲಿ ಟೊಮೇಟೊ ಹರಾಜಿನ ಗಲಾಟೆ ಮಧ್ಯೆ ಕೂತು ಲೆಕ್ಕ ಬರೀಬೇಕಾ, ಮನೇಲಿ ಕೂತೇ ಬರೀಬಹುದಿತ್ತು. ನಮ್ ಜಿಲ್ಲೇಲಿ ಮಕ್ಕಳಿಗೆ ಬುದ್ಧಿ ಹೇಳ್ಬೇಕು ಅಂದ್ರೆ ಸೀದಾ ಮುದ್ದೇನಹಳ್ಳಿ ಕಡೆ ಕೈ ತೋರಿಸಿ ವಿಶ್ವೇಶ್ವರಯ್ಯನವರ ಹೆಸರು ಹೇಳಿ ಮುಗಿಸ್ತಾರಲ್ಲ, ಪಾಪ ಅವ್ರು ಮಾಡಿದ ಕೆಲಸ ಏನು ಅಂತ ಕೇಳಿದ್ರೆ ಹೇಳೋರಿಗೇ ಗೊತ್ತಿರಲ್ಲ, ನಿನ್ ಪಾಠಗಳೂ ಸ್ವಲ್ಪ ಹಂಗೇ ಆಗಿವೆ.

ಆದ್ರೆ ಆರನೇ ಪಾಠದ ಮಧ್ಯೆ ಒಂದು ಸಾಲು ಬರ್ದಿದೀಯ ನೋಡು, ಅಲ್ಲಿ ನಾನು ಫೋನ್ ಕೆಳಗಿಟ್ಟೆ. 2023ರ ಜುಲೈಲಿ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಒಬ್ಬ ರೈತ ಬಿಲ್ ಚೀಟೀನ ನಿನ್ ಕೈಲಿ ಮೂರು ಸಲ ಓದಿಸ್ಕೊಂಡ ಅಂತ. ಮೂರು ಸಲ! ಆಮೇಲೆ ಏನಾಯ್ತು ಅಂತ ನಾನು ಕಾಯ್ತಿದ್ರೆ ನೀನು 'ತಾಳ್ಮೆಗೆ ತಕ್ಕ ಫಲ ಇದ್ದೇ ಇದೆ' ಅಂತ ಬರ್ದು ಏಳನೇ ಪಾಠಕ್ಕೆ ಹೊರಟೋದೆ. ಅದು ಸುಳ್ಳು ಬೇರೆ ಕಣಮ್ಮ. ಆ ವರ್ಷ ಎಷ್ಟೋ ತೋಟಗಳಿಗೆ ಎಲೆ ಮುದುಡು ರೋಗ ಬಂದು ಮಾಲು ಕಮ್ಮಿ ಆಗಿತ್ತು, ಅದಕ್ಕೆ ರೇಟು ಏರಿತ್ತು. ರೋಗ ಬಂದು ಗಿಡ ಕಿತ್ತು ಹಾಕಿದವನಿಗೆ ತಾಳ್ಮೆ ಇರ್ಲಿಲ್ವಾ? ನೀನು ನೋಡಿದ್ದು ಬೇರೆ, ಬರ್ದಿದ್ದು ಬೇರೆ, ಪಾಠ ಬೇಕು ಅನ್ನೋ ಅವಸರಕ್ಕೆ ನೋಡಿದ್ದನ್ನೇ ಬಿಟ್ಬಿಟ್ಟೆ.

ನಂದೊಂದು ಕಥೆ ಕೇಳು. ಹನ್ನೊಂದು ವರ್ಷ ಇರ್ಬೋದು ನಂಗೆ. ಹುಳ ಪೊರೆ ಬಿಡೋಕೆ ಮುಂಚೆ ತಿನ್ನೋದು ನಿಲ್ಸಿ ತಲೆ ಎತ್ಕೊಂಡು ಸುಮ್ನೆ ಕೂರತ್ತಲ್ಲ, ಅದನ್ನೇ ನಮ್ ಕಡೆ ಜ್ವರಕ್ಕೆ ಕೂರೋದು ಅಂತಾರೆ. ಮೂರನೇ ಜ್ವರಕ್ಕೆ ಕೂತಿತ್ತು, ಅಮ್ಮ ಸುಣ್ಣದ ಪುಡಿ ಉದುರಿಸಿ ಎಲ್ಲಾ ಹುಳ ಏಳೋ ತಂಕ ಸೊಪ್ಪು ಹಾಕ್ಬೇಡ ಅಂದಿದ್ಲು. ಸಂಜೆ ನೋಡ್ತೀನಿ, ಒಂದಷ್ಟು ಹುಳ ಎದ್ದು ಓಡಾಡ್ತಿದ್ವು, ಹಸಿವಾಗಿರತ್ತೆ ಅಂತ ಕನಿಕರ ಬಂದು ನಾಲ್ಕು ತಟ್ಟೆಗೆ ಸೊಪ್ಪು ಹಾಕ್ಬಿಟ್ಟೆ. ಎದ್ದವು ತಿಂದು ಮುಂದೆ ಹೋದ್ವು, ಏಳದೇ ಇದ್ದವು ಸೊಪ್ಪಿನ ಕೆಳಗೆ ಹಿಂದೆ ಬಿದ್ವು. ಕೊನೇಲಿ ಆ ನಾಲ್ಕು ತಟ್ಟೇಲಿ ಹುಳ ಒಟ್ಟಿಗೆ ಹಣ್ಣಾಗ್ಲಿಲ್ಲ, ಅಂದ್ರೆ ಗೂಡು ಕಟ್ಟೋಕೆ ಒಟ್ಟಿಗೆ ರೆಡಿ ಆಗ್ಲಿಲ್ಲ, ಮೂರು ದಿನ ಆರಿಸಿ ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡ್ಬೇಕಾಯ್ತು, ಕೂಲಿಯೋರಿಗೆ ಮೂರು ದಿನದ ದುಡ್ಡು. ಅಪ್ಪ ಹೊಡೀಲಿಲ್ಲ. ಆರಿಸೋಕೆ ನನ್ನನ್ನೇ ಕೂರಿಸ್ದ.

ಆವತ್ತು ನಾನೇನೂ ಕಲೀಲಿಲ್ಲ ತಾಯಿ. ಬೆನ್ನು ನೋವು ಬಂತು ಅಷ್ಟೇ. ಇಪ್ಪತ್ತು ವರ್ಷ ಆದ್ಮೇಲೆ ಆಫೀಸಲ್ಲಿ ಹೊಸದಾಗಿ ಸೇರಿದ ಹುಡುಗನ್ನ ನನ್ ಕೈ ಕೆಳಗೆ ಹಾಕಿದ್ರು, ಎರಡು ವಾರ ಚೆನ್ನಾಗಿ ಕಲ್ತು ಆಮೇಲೆ ಮಂಕಾಗ್ಬಿಟ್ಟ, ಕೇಳಿದ್ರೆ ಹೂಂ ಅಂತಾನೆ, ಕೆಲಸ ಮುಂದಕ್ಕೆ ಹೋಗಲ್ಲ. ನಾನು ಇನ್ನೂ ನಾಲ್ಕು ಫೈಲ್ ತಂದು ಅವನ ಟೇಬಲ್ ಮೇಲೆ ಇಟ್ಟೆ, ಅವತ್ತು ರಾತ್ರಿ ಮಲಗ್ದಾಗ ಆ ತಟ್ಟೆಗಳು ನೆನಪಿಗೆ ಬಂದ್ವು. ಬೆಳಗ್ಗೆ ಹೋಗಿ ಫೈಲ್ ವಾಪಸ್ ಎತ್ಕೊಂಡೆ, ಒಂದು ವಾರ ಸುಮ್ನಿದ್ದೆ. ಅವನು ಎದ್ದ. ಹುಳ ಹುಳಾನೇ, ಮನುಷ್ಯ ಮನುಷ್ಯಾನೇ, ಎಲ್ಲರೂ ಹಂಗೇ ಏಳ್ತಾರೆ ಅಂತ ನಾನು ಹೇಳಲ್ಲ, ಇನ್ನೊಬ್ಬನಿಗೆ ಹಿಂಗೇ ಮಾಡೋಕೆ ಹೋಗಿ ಅವನು ಕೆಲಸಾನೇ ಬಿಟ್ಟು ಹೋದ. ಅದನ್ನೂ ಬರ್ದಿದೀನಿ.

ಇದನ್ನ ನಾನು ಅವತ್ತೇ, ಹನ್ನೊಂದನೇ ವಯಸ್ಸಲ್ಲೇ ಬರ್ದಿದ್ರೆ 'ದೊಡ್ಡವರ ಮಾತು ಕೇಳ್ಬೇಕು' ಅಂತ ಬರೀತಿದ್ದೆ, ಮುಗೀತು.

ಅದಕ್ಕೆ ಒಂದು ಕೆಲಸ ಮಾಡು. ಹಳೇ ಬಿಲ್ ಬುಕ್ ಇರತ್ತಲ್ಲ ಮಂಡೀಲಿ, ಅದರ ಹಿಂದೆ ದಿನಾ ಐದಾರು ಸಾಲು ಬರಿ. ಯಾರು ಬಂದ್ರು, ಏನಂದ್ರು, ಬಾಕ್ಸು ಎಷ್ಟಕ್ಕೆ ಹೋಯ್ತು. ನೀನು ಮಾಡಿದ ತಪ್ಪು ಇದ್ರೆ ಅದನ್ನ ಮೊದ್ಲು ಬರಿ, ಕೂಡೋದ್ರಲ್ಲಿ ಎಲ್ಲಿ ಎಡವಿದೆ, ಯಾರ ಮೇಲೆ ರೇಗಿದೆ. ಪಾಠ ಅನ್ನೋ ಪದ ಆ ಪುಸ್ತಕಕ್ಕೆ ಬರ್ಲೇಬಾರ್ದು. ಮೂರು ತಿಂಗಳು ಬಿಟ್ಟು ತೆಗೆದು ಓದು, ಕೆಲವು ಸಾಲು ಸತ್ತಿರ್ತವೆ, ಕೆಲವು ಎದ್ದು ಸೊಪ್ಪು ಕೇಳ್ತಿರ್ತವೆ, ಅವಕ್ಕೆ ಮಾತ್ರ ಹಾಕು.

ಇನ್ನೊಂದು ವಿಷ್ಯ, ಆ ರೈತನ ಬಾಯಲ್ಲಿ 'ದಯವಿಟ್ಟು ಮತ್ತೊಮ್ಮೆ ಓದಿ ತಿಳಿಸಿ' ಅಂತ ಹಾಕಿದೀಯ. ನಿಜ ಹೇಳು, ಅವನು ಹಂಗಂದ್ನಾ? ನಮ್ ಸೀಮೇಲಿ ಅರ್ಧ ಜನ 'ಇಂಕೊಕಸಾರಿ ಚದುವಮ್ಮಾ' ಅಂತ ತೆಲುಗಲ್ಲೇ ಕೇಳ್ತಾರೆ. ಕೇಳಿದ್ದು ತೆಲುಗಲ್ಲಾದ್ರೆ ತೆಲುಗಲ್ಲೇ ಬರಿ, ಓದೋರಿಗೆ ಅರ್ಥ ಆಗತ್ತೆ.

ಹತ್ತು ಪಾಠ ಪಕ್ಕಕ್ಕಿಡು. ಮೂರನೇ ಸಲ ಓದಿದ್ಮೇಲೆ ಆ ಮನುಷ್ಯ ಚೀಟೀನ ಏನ್ ಮಾಡ್ದ, ಜೇಬಿಗಿಟ್ಟನಾ, ಪಕ್ಕದವನಿಗೆ ತೋರಿಸಿದ್ನಾ, ನಿನ್ ಮುಖ ನೋಡಿದ್ನಾ? ಅದೊಂದೇ ಬರ್ದು ಕಳ್ಸು, ಒಂದು ಪುಟ ಸಾಕು. ಈ ಸಲ ಗೂಡು ಮಾರ್ಕೆಟ್ಟಿಗೆ ಹಾಕಿದ ಮಾರನೇ ದಿನವೇ ಓದ್ತೀನಿ.

ಇಂತಿ ನಿನ್ನ
ಮೇಷ್ಟ್ರಲ್ಲದ ಮೇಷ್ಟ್ರು